ಎರಡು ಪದಕ್ಕೆ ಇಬ್ಬರು ಸಾಕ್ಷಿ

ಮೇಷ್ಟ್ರ ಜೊತೆ ಬಸ್ಸು ಹತ್ತಿದ ದಿನ ಏನೂ ಆಗದೆ ಸುಮ್ಮನೆ ಮನೆಗೆ ವಾಪಸು ಬಂದದ್ದು ನನಗೆ ನೆನಪೇ ಇಲ್ಲ. ಒಂದೇ ಒಂದು ಬೇಸಿಗೆಯಲ್ಲಿ ಇಷ್ಟೆಲ್ಲ ಆಯಿತು ಅಂದರೆ ನನ್ನ ಗೆಳತಿಯರು ಈಗಲೂ ನಂಬುವುದಿಲ್ಲ. "ನೀನು? ಅಲ್ಲಿಗೆಲ್ಲ ಹೋದೆಯಾ? ಮಾತಾಡಿದೆಯಾ?" ಅನ್ನುತ್ತಾರೆ. ಅವರ ಅನುಮಾನ ನ್ಯಾಯವಾದದ್ದೇ.

ನಾನು ಓದಿದ್ದು ಕೊಪ್ಪದ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ. ಅಲ್ಲಿ ಕನ್ನಡ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು, ಇಂಗ್ಲಿಷ್ ಮಾತಾಡಲು ನನಗೆ ಧೈರ್ಯವಿರಲಿಲ್ಲ. ಹಾಗಾಗಿ ಹತ್ತು ವರ್ಷ ಎರಡೂ ಮಾತಾಡದೆ ಒಳ್ಳೆಯ ಹುಡುಗಿ ಅನ್ನಿಸಿಕೊಂಡೆ. ಡಿಗ್ರಿ ಮುಗಿಸಿ ನರಸಿಂಹರಾಜಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಜೆರಾಕ್ಸ್-ಡಿಟಿಪಿ ಅಂಗಡಿಗೆ ಟೈಪಿಂಗ್ ಕೆಲಸಕ್ಕೆ ಸೇರಿದ್ದು ಕೂಡ ಕಂಪ್ಯೂಟರು ಏನನ್ನೂ ಕೇಳುವುದಿಲ್ಲ ಅನ್ನುವ ಒಂದೇ ಆಸೆಯಿಂದ.

ಅಮ್ಮನಿಗೆ ಬೇರೆ ಆಸೆ. ಊರಿನ ನರ್ಸರಿ ಶಾಲೆಯಲ್ಲಿ ಆಗಲೇ ಮಾತಾಡಿಟ್ಟಿದ್ದಳು. ಜೂನ್ ಒಂದಕ್ಕೆ ಸೇರಬೇಕು. ಅಲ್ಲಿ ಟೀಚರ್ ಆದವಳು ರೈಮ್ಸ್ ಹೇಳುತ್ತಾ ಕೈ ಬೀಸಿ, ಸೊಂಟ ಬಳುಕಿಸಿ, ಕಪ್ಪೆಯ ಹಾಗೆ ಕುಪ್ಪಳಿಸಬೇಕು. ಅದೂ ಮಕ್ಕಳನ್ನು ಬಿಡಲು ಬಂದ ಅಪ್ಪ-ಅಮ್ಮಂದಿರ ಎದುರಿಗೆ! ಅದನ್ನು ನೆನೆಸಿಕೊಂಡರೆ ನನಗೆ ಊಟ ಸೇರುತ್ತಿರಲಿಲ್ಲ.

"ಅಂಗಡೀಲಿ ಖಾಯಂ ಮಾಡಿದ್ರೆ ಇಲ್ಲೇ ಇರ್ತೀನಿ" ಅಂದೆ. ಅಂಗಡಿಯ ಓನರು ಶೆಟ್ಟಿಕೊಪ್ಪದವರು, ಒಳ್ಳೆಯ ಮನುಷ್ಯ. ಅವರು ತಲೆ ಕೆರೆದುಕೊಂಡು, "ಖಾಯಂ ಮಾಡೋಣಂತೆ. ಮೇಷ್ಟ್ರ ಪುಸ್ತಕ ಮುಗಿಸು. ಮೇ ಮುಗಿಯೋದ್ರೊಳಗೆ ಕೊನೇ ಪ್ರೂಫಿಗೆ ಅವರ ರುಜು ಬಿದ್ರೆ ನೀನು ಖಾಯಂ" ಅಂದರು.

ಸುಲಭದ ಕೆಲಸ ಅಂದುಕೊಂಡೆ. ನನಗಿಂತ ಮುಂಚೆ ಮೂರು ಜನ ಟೈಪಿಸ್ಟರು ಆ ಪುಸ್ತಕಕ್ಕೇ ಕೆಲಸ ಬಿಟ್ಟು ಹೋಗಿದ್ದರು ಅನ್ನುವುದನ್ನು ಓನರು ಆಮೇಲೆ ಹೇಳಿದರು.

೧. ಮೇಷ್ಟ್ರ ಕಾನೂನು

ಮೇಷ್ಟ್ರು ಕೊಪ್ಪದಲ್ಲಿದ್ದರು. ರಿಟೈರಾಗಿ ಬಹಳ ವರ್ಷವಾಗಿತ್ತು. ಮೂರು ತಾಲ್ಲೂಕಿನ ಶಾಲೆ ಮಕ್ಕಳಿಗೆಂದು ಒಂದು ಪುಟ್ಟ ಪುಸ್ತಕ ಮಾಡುತ್ತಿದ್ದರು. ಕೇಳಲು ಒಂದೇ ಥರ ಇರುವ, ಅರ್ಥ ಬೇರೆ ಇರುವ ಪದಗಳ ಜೋಡಿ ಅದರ ವಿಷಯ. ಮೊದಲ ದಿನ ಛತ್ರಿ ಮಡಚಿ ಮೂಲೆಗಿಟ್ಟು ನನ್ನ ಮುಂದೆ ಕುಳಿತರು.

"ಕೂಸೇ, ಕನ್ನಡ ಬರ್ತದಾ?"

ನಾನು ತಲೆ ಅಲ್ಲಾಡಿಸಿದೆ.

"ಇದು ಯಾವ ಭಾಷೆ?" ಅಂದರು.

ಆಮೇಲೆ ಅವರ ಕಾನೂನು ಹೇಳಿದರು. "ಅರ್ಥ ನಿಘಂಟಿನಲ್ಲಿ ಸಿಗ್ತದೆ. ಆದ್ರೆ ನಿಘಂಟು ಓದಿ ಯಾವ ಮಗೂಗೂ ನೆನಪಿರೋದಿಲ್ಲ. ಆ ಪದವನ್ನ ದಿನಾ ಇಟ್ಕೊಂಡು ಬದುಕುವ ಮನುಷ್ಯನ ಬಾಯಿಂದ ಒಂದು ಮಾತು ಬರಬೇಕು. ಅದನ್ನ ನೀನು ಬರ್ಕೋಬೇಕು, ಕೆಳಗೆ ಅವನು ರುಜು ಹಾಕಬೇಕು. ಎರಡು ಪದಕ್ಕೆ ಇಬ್ಬರು ಸಾಕ್ಷಿ. ಸಾಕ್ಷಿ ಸಿಗದಿದ್ರೆ ಆ ಜೋಡಿ ಪುಸ್ತಕದಲ್ಲಿ ಇಲ್ಲ."

ಮೊದಲ ಜೋಡಿಯೇ ಕೊಳೆ-ಕೊಲೆ. ನನ್ನ ಬಾಯಲ್ಲಿ ಅವೆರಡೂ ಒಂದೇ ಆಗಿದ್ದವು. ಕೊಳೆಗೆ ಬಟ್ಟೆ ಒಗೆಯುವ ಅಜ್ಜಿ ಸಿಕ್ಕಿದಳು, ಹೆಬ್ಬೆಟ್ಟು ಒತ್ತಿದಳು. ಕೊಲೆಗೆ ಯಾರನ್ನು ಹುಡುಕುವುದು? ಮೇಷ್ಟ್ರು ಒಂದು ಗಳಿಗೆ ಯೋಚಿಸಿ ಸೀದಾ ಪೊಲೀಸ್ ಸ್ಟೇಷನ್ನಿಗೆ ನಡೆದರು. ನಾನು ನೋಟ್‌ಬುಕ್ಕನ್ನು ಎದೆಗೆ ಅವಚಿಕೊಂಡು ಅವರ ಛತ್ರಿಯ ಮರೆಯಲ್ಲಿ ನಿಂತೆ. ಒಳಗೆ ಒಬ್ಬ ವಯಸ್ಸಾದ ಹೆಡ್ ಕಾನ್‌ಸ್ಟೇಬಲ್ ಕುಳಿತಿದ್ದರು.

"ನಮಸ್ಕಾರ. ಕೊಲೆಗೆ ಒಬ್ಬ ಸಾಕ್ಷಿ ಬೇಕಾಗಿತ್ತು" ಅಂದರು ಮೇಷ್ಟ್ರು.

ಹೆಡ್ ಕಾನ್‌ಸ್ಟೇಬಲ್ ಪೆನ್ನು ಕೆಳಗಿಟ್ಟು ನಿಟ್ಟುಸಿರುಬಿಟ್ಟರು. "ಕೂತ್ಕಳಿ ಸಾರ್. ಮೂವತ್ತು ವರ್ಷದ ಸರ್ವಿಸಲ್ಲಿ ನಾವೂ ಹುಡುಕ್ತಾ ಇರೋದು ಅದನ್ನೇ."

೨. ಬಳೆಯವಳು, ಬಲೆಯವನು

ಸಂತೆಯಲ್ಲಿ ಗಾಜಿನ ಬಳೆ ಮಾರುವ ಹೆಂಗಸಿಗೆ ಮೇಷ್ಟ್ರು ವಿಷಯ ವಿವರಿಸಿದರು. ಅವಳು ಎಲ್ಲ ಕೇಳಿ, "ಬಳೆ ತೊಡಿಸದೆ ನಾ ಬಳೆ ವಿಷ್ಯ ಮಾತಾಡೋಳಲ್ಲ. ಕೈ ಕೊಡು ತಂಗಿ" ಅಂದಳು.

ನನ್ನ ಕೈಯನ್ನು ಒಂದು ಸಲ ನೋಡಿದಳು, ಅಷ್ಟೇ. ಅಳತೆ ಇಲ್ಲ, ಏನಿಲ್ಲ. "ಎರಡು-ನಾಲ್ಕು" ಅಂದು ಹಸಿರು ಬಳೆ ಎತ್ತಿಕೊಂಡು, ಹೆಬ್ಬೆರಳಿನ ಬುಡವನ್ನು ಹಿಟ್ಟು ನಾದುವ ಹಾಗೆ ಒತ್ತುತ್ತಾ, ಹನ್ನೆರಡನ್ನೂ ಒಂದೂ ಒಡೆಯದೆ ಏರಿಸಿಬಿಟ್ಟಳು. ನೋಯುತ್ತದೆ ಅಂತ ಕಣ್ಣು ಮುಚ್ಚಿಕೊಂಡಿದ್ದೆ, ಬಿಡುವಷ್ಟರಲ್ಲಿ ಮುಗಿದಿತ್ತು. "ಬರ್ಕೋ. ಬಳೆ ಅಂದ್ರೆ ಹೋಗುವಾಗ ನೋಯಬಾರದು, ಹೋದಮೇಲೆ ಬರಬಾರದು" ಅಂದಳು. ಇದಕ್ಕಿಂತ ಒಳ್ಳೆಯ ವಾಕ್ಯ ಯಾವ ಪಠ್ಯಪುಸ್ತಕದಲ್ಲಿದೆ ಹೇಳಿ?

ಅಲ್ಲಿಂದ ಬಲೆಯ ಸಾಕ್ಷಿಗೆ ಭದ್ರಾ ಹಿನ್ನೀರಿನ ಹತ್ತಿರ ಹೋದೆವು. ಮೀನು ಹಿಡಿಯುವವನೊಬ್ಬ ದಡದಲ್ಲಿ ನೀರಿಗಿಳಿದು ಬಲೆ ಹಾಕಿ ಅಲುಗಾಡದೆ ನಿಂತಿದ್ದ. ಮೇಷ್ಟ್ರು ಪಿಸುಮಾತಿನಲ್ಲಿ ಪ್ರಶ್ನೆ ಕೇಳಿದರು. ಅವನ ಕಣ್ಣು ನೀರಿನ ಮೇಲೇ ಇತ್ತು. ನಾನು ಬರೆಯಲು ನೋಟ್‌ಬುಕ್ಕು ಬಿಡಿಸಿದೆ, ಝಲ್ ಅಂತು. ಪುಟ ತಿರುವಿದೆ, ಝಲ್. ನಾಚಿಕೆಯಾಗಿ ಕೈಯನ್ನು ಹಿಂದಕ್ಕೆ ಎಳೆದುಕೊಂಡೆ, ಝಲ್ ಝಲ್. ಬಳೆ ತೆಗೆಯೋಣ ಅಂದರೆ ಬರುವುದಿಲ್ಲ. ಬರಬಾರದು ಅಂತಲೇ ತಾನೇ ತೊಡಿಸಿದ್ದು!

ಅವನು ಕೊನೆಗೆ ತಿರುಗಿದ. "ಅಕ್ಕಾ, ಬರ್ಕಳಿ. ಆ ಬಳೆ ಈ ಊರಲ್ಲಿರೋ ತನಕ ಈ ಬಲೆಗೆ ಮೀನು ಬೀಳಲ್ಲ."

ಮೇಷ್ಟ್ರು ಕುಣಿದಾಡುವುದೊಂದು ಬಾಕಿ. ಎರಡೂ ಪದ ಒಂದೇ ವಾಕ್ಯದಲ್ಲಿ ಬಂದ ಮೊದಲ ಸಾಕ್ಷಿ ಅದು. ರುಜು ಹಾಕಲು ಅವನು ನೀರಿನಿಂದ ಮೇಲೆ ಬಂದ. ನಾವು ಹೊರಟು ಅಷ್ಟು ದೂರ ಹೋದಮೇಲೆ ಹಿಂದಿನಿಂದ ಕೂಗಿದ: "ಸಾರ್, ಮತ್ತೇನಾದ್ರೂ ಬರೆಯೋದಿದ್ರೆ ನೀವೊಬ್ರೇ ಬನ್ನಿ!"

೩. ಬಸ್ಸಿನಲ್ಲಿ ಬಂದ ಪ್ರೂಫು

ಮೇಷ್ಟ್ರ ಮನೆಯಲ್ಲಿ ಫೋನು ಇತ್ತು. ಆದರೆ ತಿದ್ದುಪಡಿಗಳನ್ನು ಅವರು ಫೋನಿನಲ್ಲಿ ಹೇಳುತ್ತಿರಲಿಲ್ಲ. "ಫೋನಿನಲ್ಲಿ ಳಕಾರ ಸಾಯ್ತದೆ" ಅನ್ನುತ್ತಿದ್ದರು. ಪ್ರೂಫಿನ ಕವರನ್ನು ಕೊಪ್ಪದಲ್ಲಿ ಬೆಳಗಿನ ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟರೆ, ಅವರು ನಮ್ಮ ಅಂಗಡಿಯ ಮುಂದೆ ಬಸ್ಸು ನಿಧಾನ ಮಾಡಿಸಿ ಕೊಡುತ್ತಿದ್ದರು.

ನಾನು ಎಲ್ಲಿ ತಪ್ಪು ಟೈಪು ಮಾಡಿದ್ದೆನೋ ಅಲ್ಲಿ ಮೇಷ್ಟ್ರು ಕೆಂಪು ಗೆರೆ ಹಾಕಿ ಬೈದು ಬರೆಯುತ್ತಿರಲಿಲ್ಲ. ಅವರ ದಾರಿಯೇ ಬೇರೆ. ಕವರಿನ ಜೊತೆ ಒಂದು ಪೊಟ್ಟಣ ಇರುತ್ತಿತ್ತು. ಎಲೆ-ಎಳೆ ತಪ್ಪಿದ ದಿನ ಒಂದು ವೀಳ್ಯದೆಲೆ, ಒಂದು ಹತ್ತಿಯ ನೂಲು. ಅಕ್ಕಿ-ಹಕ್ಕಿ ತಪ್ಪಿದ ದಿನ ನಾಲ್ಕು ಕಾಳು ಅಕ್ಕಿ, ಒಂದು ಪುಕ್ಕ. ಅದನ್ನು ಕೀಬೋರ್ಡಿನ ಪಕ್ಕ ಇಟ್ಟುಕೊಂಡು ತಿದ್ದಬೇಕು. ನಿಜ ಹೇಳುತ್ತೇನೆ, ಹಾಗೆ ತಿದ್ದಿದ ಒಂದು ಪದವನ್ನೂ ನಾನು ಆಮೇಲೆ ತಪ್ಪು ಬರೆದಿಲ್ಲ. ಈಗಲೂ ಎಳೆ ಅಂತ ಬರೆಯುವಾಗ ಬೆರಳಿಗೆ ಆ ನೂಲು ತಾಗಿದ ಹಾಗಾಗುತ್ತದೆ.

ಕಂಡಕ್ಟರಿಗೆ ಮಾತ್ರ ಕುತೂಹಲ ತಡೆಯುತ್ತಿರಲಿಲ್ಲ. "ಏನ್ ತಂಗಿ, ಮೇಷ್ಟ್ರು ನಿಮಗೆ ದಿನಾ ಪೂಜೆ ಸಾಮಾನು ಕಳಿಸ್ತಾರಾ?" ಅಂತ ಕೇಳುತ್ತಿದ್ದರು. ನಾನು ನಾಚಿಕೆಯಿಂದ ನಗುತ್ತಿದ್ದೆ. ಕಡೆಗೆ ಅವರೇ ಮೇಷ್ಟ್ರನ್ನು ಕೇಳಿ ವಿಷಯ ತಿಳಿದುಕೊಂಡರು. ಅಲ್ಲಿಂದ ಮುಂದೆ ಬಸ್ಸಿನಲ್ಲಿದ್ದ ಎಲ್ಲರಿಗೂ ಅವತ್ತಿನ ನನ್ನ ತಪ್ಪು ಏನು ಅಂತ ಗೊತ್ತಿರುತ್ತಿತ್ತು.

ಒಂದು ದಿನ ಹುಳಿ-ಹುಲಿ ತಪ್ಪಿದ್ದೆ. ಬಸ್ಸು ನಿಂತಿತು. ಕಂಡಕ್ಟರು ಇಳಿದು ಬಂದು ಒಂದೇ ಒಂದು ಹುಣಸೆಹಣ್ಣಿನ ಪೊಟ್ಟಣ ಕೈಗಿಟ್ಟರು. ಬಸ್ಸಿನ ಕಿಟಕಿಗಳಲ್ಲೆಲ್ಲ ಮುಖಗಳು.

"ತಗೋ ತಂಗಿ, ಇದು ಹುಳಿ" ಅಂದರು ಗಂಭೀರವಾಗಿ. "ಇನ್ನೊಂದಕ್ಕೆ ಮೇಷ್ಟ್ರು ಭದ್ರಾ ಕಾಡಿಗೆ ಹೋಗಿದ್ದಾರೆ. ಸಿಕ್ಕಿದ್ರೆ ಸಾಯಂಕಾಲದ ಬಸ್ಸಿಗೆ ಹಾಕ್ತಾರಂತೆ. ಸದ್ಯ, ಸಾಯಂಕಾಲ ನಂದು ಡ್ಯೂಟಿ ಇಲ್ಲ."

೪. ಶೃಂಗೇರಿಯಲ್ಲಿ ಒಂದು ಜಗಳ

ಪಲ-ಫಲ ಅನ್ನುವ ಜೋಡಿ. ಫಲಕ್ಕೆ ಹಣ್ಣಿನ ಅಂಗಡಿಯವನು ಅರ್ಧ ನಿಮಿಷದಲ್ಲಿ ಸಾಕ್ಷಿ ಹೇಳಿ ಮುಗಿಸಿದ. ಪಲ ಹಳೆಯ ಕಾಲದ ತೂಕದ ಅಳತೆ. ಇವತ್ತಿಗೂ ಅದರಲ್ಲೇ ತೂಗಿ ಲೇಹ್ಯ ಮಾಡುವ ಹಿರಿಯ ಪಂಡಿತರೊಬ್ಬರು ಶೃಂಗೇರಿಯಲ್ಲಿದ್ದಾರೆ ಅಂತ ಮೇಷ್ಟ್ರಿಗೆ ಸುದ್ದಿ ಸಿಕ್ಕಿ ಅಲ್ಲಿಗೆ ಹೋದೆವು.

ಹೋದಾಗ ಹನ್ನೊಂದು ಗಂಟೆ. ಪಂಡಿತರು ಜಗುಲಿಯಲ್ಲಿ ತಕ್ಕಡಿ ಇಟ್ಟುಕೊಂಡು ಕುಳಿತಿದ್ದರು. ನಮ್ಮನ್ನು ನೋಡಿ ನಕ್ಕು, ತುಟಿಯ ಮೇಲೆ ಬೆರಳಿಟ್ಟು ಕೈಯಲ್ಲೇ ಹೇಳಿದರು: ಇವತ್ತು ಮೌನ, ಹನ್ನೆರಡರ ತನಕ. ಪಕ್ಕದಲ್ಲಿ ಕೂರಲು ಸನ್ನೆ ಮಾಡಿದರು. ಅವರ ಮುಂದೆ ತಾನು ಮಾತಾಡುವುದು ಮರ್ಯಾದೆಯಲ್ಲ ಅಂದುಕೊಂಡು ಮೇಷ್ಟ್ರೂ ಬಾಯಿ ಮುಚ್ಚಿದರು. ನಾನಂತೂ ಮೊದಲಿನಿಂದಲೂ ಮೌನವ್ರತದವಳೇ. ಇಡೀ ಬೇಸಿಗೆಯಲ್ಲಿ ನನಗೆ ಅಷ್ಟು ಹಾಯಾಗಿದ್ದ ಭೇಟಿ ಮತ್ತೊಂದಿಲ್ಲ.

ಆದರೆ ಮೇಷ್ಟ್ರಿಗೆ ಒಂದು ಗಂಟೆ ಕಾಯುವುದು ಆಗಲಿಲ್ಲ. ತಕ್ಕಡಿ ತೋರಿಸಿ ಮೂರು ಬೆರಳೆತ್ತಿದರು. ಒಂದು ಪಲಕ್ಕೆ ಮೂರು ತೊಲ ತಾನೇ ಅಂತ ಪ್ರಶ್ನೆ. ಪಂಡಿತರು ನಾಲ್ಕು ಬೆರಳೆತ್ತಿದರು. ಮೇಷ್ಟ್ರು ತಲೆಯಾಡಿಸಿ ಮತ್ತೆ ಮೂರು. ಪಂಡಿತರು ಹುಬ್ಬು ಗಂಟಿಕ್ಕಿ ನಾಲ್ಕು. ಮೂರು! ನಾಲ್ಕು! ಒಬ್ಬರ ಬೆರಳು ಇನ್ನೊಬ್ಬರ ಮೂಗಿನ ತನಕ ಬಂತು. ಪಂಡಿತರು ತೊಡೆ ತಟ್ಟಿದರು. ಮೇಷ್ಟ್ರು ಎದ್ದು ನಿಂತು ಎರಡು ಸುತ್ತು ಹಾಕಿ ಮತ್ತೆ ಕುಳಿತರು. ಒಂದು ಶಬ್ದವಿಲ್ಲ. ನೊಣ ಹಾರಿದ್ದೂ ಕೇಳುತ್ತಿತ್ತು. ಕಡೆಗೆ ಇಬ್ಬರೂ ಸುಸ್ತಾಗಿ, ಮುಖ ಊದಿಸಿಕೊಂಡು, ನೆಲ ನೋಡುತ್ತಾ ಕುಳಿತುಬಿಟ್ಟರು. ನಾನೂ ಮರ್ಯಾದೆಗೆ ನೆಲ ನೋಡಿದೆ.

ಒಳಗಿನಿಂದ ಕಾಫಿ ಹಿಡಿದುಕೊಂಡು ಬಂದ ಪಂಡಿತರ ಹೆಂಡತಿ ನಮ್ಮ ಮೂವರನ್ನೂ ನೋಡಿ ಬಾಗಿಲಲ್ಲೇ ನಿಂತರು. "ಅಯ್ಯೋ, ಎಂತ ಆತು? ಯಾರು ಹೋದ್ರು?"

ಹೇಳಬಲ್ಲವಳು ನಾನೊಬ್ಬಳೇ. ಬಾಯಿ ತೆರೆದೆ, ಮಾತು ಬರಲಿಲ್ಲ. ಅವರು ಕಾಫಿ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಳ್ಳುವುದಕ್ಕೂ, ಒಳಗಿನ ಗೋಡೆ ಗಡಿಯಾರ ಹನ್ನೆರಡು ಹೊಡೆಯುವುದಕ್ಕೂ ಸರಿಹೋಯಿತು. ಪಂಡಿತರು ದೇವರಿಗೆ ಕೈ ಮುಗಿದರು. ಮೇಷ್ಟ್ರ ಕಡೆ ತಿರುಗಿದರು. ಆ ದಿನದ ಮೊದಲ ಮಾತು ಹೊರಬಂತು.

"ನಾಲ್ಕು!"

೫. ಫಾದರ್ ತಂದ ಪುಟ

ಮೇ ತಿಂಗಳ ನಡುವೆ ಪುಸ್ತಕ ಮುಗಿದೇ ಹೋಯಿತು ಅಂದುಕೊಂಡೆ. ಓನರು ನನಗೆ ಹೊಸ ಕುರ್ಚಿ ತರಿಸುವ ಮಾತಾಡುತ್ತಿದ್ದರು. ಆಗ ನಮ್ಮೂರಿನ ಚರ್ಚಿನ ಫಾದರ್ ಜೆರಾಕ್ಸಿಗೆ ಬಂದವರು ಮೇಜಿನ ಮೇಲಿದ್ದ ಪ್ರೂಫು ನೋಡಿದರು. ಮೇಷ್ಟ್ರು ಅಲ್ಲೇ ಇದ್ದರು.

"ಮೇಷ್ಟ್ರೇ, ನಂದೂ ಒಂದು ಜೋಡಿ ಸೇರಿಸಿ, ಪುಣ್ಯ ಬರ್ತದೆ" ಅಂದರು ಫಾದರ್. "ಓಮೆರ್, ಹೋಮೆರ್. ಹೀಬ್ರೂ ಜನರ ಹಳೇ ಅಳತೆ, ಧಾನ್ಯ ಅಳೆಯೋದು. ಓಮೆರ್ ಅಂದ್ರೆ ಎರಡು ಲೀಟರಿಗಿಂತ ಸ್ವಲ್ಪ ಜಾಸ್ತಿ. ಅಂಥ ನೂರು ಓಮೆರ್ ಸೇರಿದ್ರೆ ಒಂದು ಹೋಮೆರ್. ಮರುಭೂಮೀಲಿ ಅವರಿಗೆ ಆಕಾಶದಿಂದ ಆಹಾರ ಬಿತ್ತಲ್ಲ, ಆಗ ತಲೆಗೆ ಒಂದು ಓಮೆರ್ ಅಂತ ಲೆಕ್ಕ. ನಮ್ಮ ಭಾನುವಾರದ ಕ್ಲಾಸಿನ ಮಕ್ಕಳು ಪ್ರತಿ ವರ್ಷ ಪರೀಕ್ಷೇಲಿ ಹೋಮೆರ್ ಅಂತ ಬರೀತಾರೆ. ಒಬ್ಬೊಬ್ಬ ದಿನಕ್ಕೆ ಮೂರೂವರೆ ಮೂಟೆ ತಿಂದ ಹಾಗಾಯ್ತು!"

ಮೇಷ್ಟ್ರ ಕಣ್ಣು ಹೊಳೆಯಿತು. ಅವರು ಮುಂದೆ ಏನು ಕೇಳುತ್ತಾರೆ ಅಂತ ನನಗೆ ಗೊತ್ತಿತ್ತು.

"ಸಾಕ್ಷಿ?" ಅಂದರು ಮೇಷ್ಟ್ರು.

"ನಾನೇ ಇದೀನಲ್ಲ. ಹದಿನೈದು ವರ್ಷದಿಂದ ಪಾಠ ಮಾಡ್ತಿದೀನಿ."

"ಪಾಠ ಮಾಡೋದು ಬೇರೆ, ಬಳಸೋದು ಬೇರೆ ಫಾದರ್. ನಾನೂ ಮೂವತ್ತು ವರ್ಷ ಒಂಟೆ ಪಾಠ ಮಾಡಿದೆ. ಒಂಟೆ ಕಂಡದ್ದು ರಿಟೈರಾದ ಮೇಲೆ, ಶಿವಮೊಗ್ಗಕ್ಕೆ ಸರ್ಕಸ್ ಬಂದಾಗ. ಒಂದು ವಿಷಯ ಮಾತ್ರ ಸರಿ ಹೇಳಿದ್ದೆ, ಕಾಲು ನಾಲ್ಕು."

ಓನರು ಒಳಗಿನಿಂದ ಓಡಿ ಬಂದರು. "ಮೇಷ್ಟ್ರೇ, ಅದು ಎರಡು-ಮೂರು ಸಾವಿರ ವರ್ಷದ ಹಿಂದಿನದು ಮಾರಾಯ್ರೆ. ಈಗ ಎನ್.ಆರ್. ಪುರದಲ್ಲಿ ಹೋಮೆರಿನಲ್ಲಿ ಅಳೆಯೋರು ಯಾರು ಸಿಗ್ತಾರೆ? ಬಿಟ್ಟುಬಿಡಿ."

"ಒಮ್ಮೆ ಕಿವಿಗೆ ಬಿದ್ದ ಜೋಡೀನ ಬಿಡೋದು ಹ್ಯಾಗೆ? ಸಾಕ್ಷಿ ಇಲ್ಲದಿದ್ರೆ ಮಾಡಿಕೊಳ್ಳೋಣ. ಅಳತೆ ಮಾಡಿಸಿ, ಅಳೆಯುವವರ ಕೈಗೆ ಕೊಟ್ರೆ ಆಯ್ತು" ಅಂದರು ಮೇಷ್ಟ್ರು. ಅದೇ ಮಧ್ಯಾಹ್ನ ಡಬ್ಬ ಬೆಸೆಯುವವನ ಹತ್ತಿರ ಕುಳಿತು, ಫಾದರ್ ಹೇಳಿದ ಲೆಕ್ಕಕ್ಕೆ ಸರಿಯಾಗಿ ಎರಡು ಲೀಟರ್ ಇನ್ನೂರು ಮಿಲೀ ಹಿಡಿಯುವ ತಗಡಿನ ಡಬ್ಬ ಮಾಡಿಸಿದರು. ಡಬ್ಬದವನು ಬೆಸುಗೆ ಹಾಕುತ್ತಾ ಕೇಳಿದ: "ಇದೇನು ಅಳತೆ ಸಾರ್? ಎರಡು ಲೀಟರ್ ಅಂದ್ರೆ ಕಮ್ಮಿ, ಎರಡೂವರೆ ಅಂದ್ರೆ ಜಾಸ್ತಿ."

"ಹೀಬ್ರೂ" ಅಂದರು ಮೇಷ್ಟ್ರು.

"ಹಾಗಾದ್ರೆ ಸರಿ" ಅಂದ ಅವನು. "ಹೊರಗಿನ ಆರ್ಡರಿಗೆಲ್ಲ ಗ್ಯಾರಂಟಿ ಕೊಡಲ್ಲ ನಾನು."

೬. ಲಾಭ

ಚರ್ಚಿನ ಹಬ್ಬ ಮೇ ತಿಂಗಳ ಕೊನೆಯ ಭಾನುವಾರ. ಹಬ್ಬದ ಊಟಕ್ಕೆ ಸುತ್ತಲಿನ ಎಲ್ಲ ಜಾತಿಯವರೂ ಬರುತ್ತಾರೆ, ಸಾವಿರದ ಇನ್ನೂರು ಎಲೆ ಆಗುತ್ತದೆ. ಅಷ್ಟಕ್ಕೂ ಅನ್ನ ಮಾಡಿಸುವವರು ಒಬ್ಬರೇ, ಊರೆಲ್ಲ ಚೇಟತ್ತಿ ಅಂತ ಕರೆಯುವ ಹಿರಿಯ ಹೆಂಗಸು. ಅವರ ಮನೆಯವರು ಕೇರಳದಿಂದ ಬಂದು ಇಲ್ಲಿ ನೆಲೆಸಿದವರು. ಬರುವಾಗ ಅತ್ತೆ ತಂದಿದ್ದ ಒಂದು ನೆಗ್ಗಿದ ಅಲ್ಯುಮಿನಿಯಂ ಪಾತ್ರೆಯೇ ಚೇಟತ್ತಿಯ ಅಳತೆ. ಪ್ರತಿ ವರ್ಷ ಆ ಪಾತ್ರೆಯಲ್ಲಿ ಐವತ್ತೈದು ಅಕ್ಕಿ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಅನ್ನ ಸಾಲದೆ ಬಂದಿಲ್ಲ, ಉಳಿದು ಚೆಲ್ಲಿಲ್ಲ.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಚೇಟತ್ತಿ ಅಕ್ಕಿ ಅಳೆದು ದೊಡ್ಡ ಹಂಡೆಗೆ ಸುರಿದಿಟ್ಟಿದ್ದರು. ಅದು ನೂರು ಡಬ್ಬದ ಹತ್ತಿರ ಬರಬಹುದು ಅಂತ ಅಂದಾಜು ಮಾಡಿ ನಾವು ಡಬ್ಬ ಹಿಡಿದುಕೊಂಡು ಹೋದೆವು. ಫಾದರ್ ವಿಷಯ ಹೇಳಿದರು. ಚೇಟತ್ತಿ ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ನಾನು ಆಗ್ಲೇ ಅಳೆದಾಯ್ತಲ್ಲ ಮೇಷ್ಟ್ರೇ."

"ನೀವು ಅಳೆದದ್ದು ತಪ್ಪು ಅಂತಲ್ಲ ಚೇಟತ್ತಿ. ಇದು ನೂರು ಡಬ್ಬ ಆಗ್ತದಾ ನೋಡಬೇಕು. ಆದ್ರೆ ಒಂದು ಹೋಮೆರ್. ನೀವು ಪ್ರತಿ ವರ್ಷ ಹೋಮೆರ್ ಅಕ್ಕಿ ಬೇಯಿಸುವವರು ಅಂತ ಸಾಕ್ಷಿ."

"ಆಗದಿದ್ರೆ?"

ನಾನು ಕ್ಯಾಲೆಂಡರು ನೆನೆಸಿಕೊಂಡೆ. ಆಗದಿದ್ದರೆ ಕೊನೆಯ ಪ್ರೂಫಿಗೆ ರುಜು ಇಲ್ಲ. ಜೂನ್ ಒಂದಕ್ಕೆ ನಾನು ಕಪ್ಪೆ.

ಚಾಪೆ ಹಾಸಿದರು. ಚೇಟತ್ತಿ ಹಂಡೆಯಿಂದ ತುಂಬಿ, ಅಂಗೈಯಲ್ಲಿ ಅಂಚು ಸವರಿ, ಚಾಪೆಗೆ ಸುರಿಯಬೇಕು. ಎಣಿಸುವ ಕೆಲಸ ಮೇಷ್ಟ್ರದು, ಇನ್ನೊಬ್ಬರ ಎಣಿಕೆ ಅವರು ನಂಬುವವರಲ್ಲ. ನಮ್ಮ ಕಡೆ ಧಾನ್ಯ ಅಳೆಯುವಾಗ ಮೊದಲನೆಯದಕ್ಕೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಮೇಷ್ಟ್ರೂ ಕಣ್ಣು ಮುಚ್ಚಿ, "ಲಾಭ..." ಅಂತ ರಾಗವಾಗಿ ಶುರು ಮಾಡಿದರು. ನಾನು ಮೂಲೆಯಲ್ಲಿ ಕುಳಿತು ಸುಮ್ಮನೆ ಕೈಗೆ ಕೆಲಸವಿರಲಿ ಅಂತ, ಶಾಲೆಯಲ್ಲಿ ಕಲಿತ ಹಾಗೆ ಒಂದೊಂದು ಡಬ್ಬಕ್ಕೆ ಒಂದೊಂದು ಗೀಟು ಎಳೆಯುತ್ತಿದ್ದೆ. ನಾಲ್ಕು ನೆಟ್ಟಗೆ, ಐದನೆಯದು ಅಡ್ಡ.

ಚೇಟತ್ತಿಯ ಕೈ ನೋಡುವುದೇ ಒಂದು ಸೊಗಸು. ಮೊದಲ ಡಬ್ಬಕ್ಕೂ ಎಪ್ಪತ್ತನೆಯದಕ್ಕೂ ಒಂದು ಕಾಳಿನ ವ್ಯತ್ಯಾಸವಿಲ್ಲ. ಅಡುಗೆಗೆ ಬಂದಿದ್ದ ಹೆಂಗಸರೆಲ್ಲ ಈರುಳ್ಳಿ ಬಿಟ್ಟು ಸುತ್ತ ನಿಂತರು. ಎಂಬತ್ತು ದಾಟಿದ ಮೇಲೆ ಎಲ್ಲರೂ ಮೇಷ್ಟ್ರ ಜೊತೆ ಗಟ್ಟಿಯಾಗಿ ಎಣಿಸತೊಡಗಿದರು. ತೊಂಬತ್ತಾರು. ತೊಂಬತ್ತೇಳು. ತೊಂಬತ್ತೆಂಟು. ಹಂಡೆಯ ತಳ ಕಂಡಿತು. ತಳ ಗೋರಿ, ಅತ್ತಿತ್ತ ಸಿಡಿದಿದ್ದ ಕಾಳು ಆಯ್ದು ಹಾಕಿದರೆ ಕೊನೆಯ ಡಬ್ಬ ಅಂಚಿಗೆ ಸರಿಯಾಗಿ ತುಂಬಿತು.

"ತೊಂಬತ್ತೊಂಬತ್ತು" ಅಂದರು ಮೇಷ್ಟ್ರು. ಧ್ವನಿ ಬಿದ್ದು ಹೋಗಿತ್ತು.

ಹಂಡೆ ಖಾಲಿ.

"ಒಂದು ತಾನೇ ಮೇಷ್ಟ್ರೇ ಕಮ್ಮಿ, ಬಿಡಿ" ಅಂದರು ಫಾದರ್.

"ನಿಮ್ಮ ಹತ್ತು ಆಜ್ಞೇಲಿ ಒಂದು ಕಮ್ಮಿ ಮಾಡಿದ್ರೆ ಬಿಡ್ತೀರಾ ಫಾದರ್?"

ಚೇಟತ್ತಿ ಸೊಂಟಕ್ಕೆ ಕೈ ಇಟ್ಟುಕೊಂಡು, "ನನ್ನ ಪಾತ್ರೆ ತಪ್ಪಲ್ಲ. ನಿಮ್ಮ ಡಬ್ಬದವನಿಗೆ ಹೋಗಿ ಕೇಳಿ" ಅಂದರು. ಮೇಷ್ಟ್ರು ನಿಧಾನಕ್ಕೆ ನೋಟ್‌ಬುಕ್ಕು ಮುಚ್ಚಿದರು. "ಮುಂದಿನ ವರ್ಷದ ಹಬ್ಬಕ್ಕೆ ನೋಡೋಣ. ಪುಸ್ತಕ ಅಲ್ಲಿ ತನಕ ನಿಲ್ಲಲಿ" ಅಂದರು.

ನಾನು ನನ್ನ ಹಾಳೆ ನೋಡಿದೆ. ಐದೈದರ ಕಟ್ಟು. ಎಣಿಸಿದೆ. ಮತ್ತೊಮ್ಮೆ ಎಣಿಸಿದೆ. ಇಪ್ಪತ್ತು ಕಟ್ಟು. ಮೂವತ್ತು ಜನ ಸುತ್ತ ನಿಂತಿದ್ದಾರೆ. ಹೇಳಬೇಕಾದ್ದು ಮೇಷ್ಟ್ರಿಗೆ, ಅದೂ ಲೆಕ್ಕ ತಪ್ಪಿದ್ದೀರಿ ಅಂತ! ಆದರೆ ಕಣ್ಣ ಮುಂದೆ ಕಪ್ಪೆ ಕುಪ್ಪಳಿಸುತ್ತಿತ್ತು. ಬಳಸದೆ ಇಟ್ಟ ಧ್ವನಿಯ ಅಂದಾಜು ಯಾರಿಗಿರುತ್ತದೆ? ಮೆಲ್ಲಗೆ ಹೇಳೋಣ ಅಂದುಕೊಂಡದ್ದು ಕಿರುಚಿದ ಹಾಗೆ ಹೊರಬಂತು.

"ನೂರು!"

ಚೇಟತ್ತಿ ಡಬ್ಬ ಕೆಳಗೆ ಹಾಕಿದರು. ಮೂವತ್ತು ಮುಖಗಳೂ ತಿರುಗಿದವು. ಹೊರಗೆ ಚಪ್ಪರ ಕಟ್ಟುತ್ತಿದ್ದವರು, ಏನೋ ಆಯಿತು ಅಂತ ಓಡಿ ಬಂದರು.

"ಮೇಷ್ಟ್ರೇ, ನೀವು ಲಾಭ ಅಂದಮೇಲೆ ಎರಡು ಅನ್ನಲಿಲ್ಲ. ಒಂದು ಅಂದಿರಿ. ಲಾಭ ಲೆಕ್ಕಕ್ಕೆ ಬಂದೇ ಇಲ್ಲ" ಅಂದೆ. ಇಷ್ಟು ಉದ್ದದ ಮಾತನ್ನು ನಾನು ಅಷ್ಟು ಜನರ ಮುಂದೆ ಹುಟ್ಟಿದಾಗಿನಿಂದ ಆಡಿರಲಿಲ್ಲ.

"ನಮ್ಮ ಮನೇಲಿ ಹಾಗೇ ಕೂಸೇ. ಲಾಭ ದೇವರದ್ದು. ಎಣಿಕೆ ಅದರ ಮೇಲೆ ಒಂದರಿಂದ."

"ದೇವರ ಅಕ್ಕೀನೂ ಇದೇ ಹಂಡೇಲಿ ತಾನೇ ಬೇಯೋದು ಮೇಷ್ಟ್ರೇ?"

ಮೇಷ್ಟ್ರು ನನ್ನ ಹಾಳೆ ಇಸಿದುಕೊಂಡು, ಕನ್ನಡಕ ಮೇಲೇರಿಸಿ, ಇಪ್ಪತ್ತು ಕಟ್ಟನ್ನೂ ಬೆರಳಿಟ್ಟು ಎಣಿಸಿದರು. ಆಮೇಲೆ ನಕ್ಕರು ನೋಡಿ! ಹೊಟ್ಟೆ ಹಿಡಿದುಕೊಂಡು ನಕ್ಕರು. "ಮೂವತ್ತು ವರ್ಷ ಮಕ್ಕಳಿಗೆ ಎಣಿಕೆ ಕಲಿಸಿದೆ. ಹೌದಲ್ಲ ಮಾರಾಯ್ತಿ, ನೂರೇ!" ಚೇಟತ್ತಿ ಬಂದು ನನ್ನ ಗಲ್ಲ ಹಿಂಡಿ, "ಮೋಳೇ, ಮಗಳೇ, ನಿನಗೆ ಬಾಯಿ ಇದೆಯಾ!" ಅಂದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮೇಷ್ಟ್ರಿಗೆ ಇನ್ನೊಂದು ಹುಳ ಹೊಕ್ಕಿತು. "ಒಂದು ನಿಮಿಷ. ಫಾದರ್, ಆ ಕಾಲದಲ್ಲಿ ಒಬ್ಬರಿಗೆ ಒಂದು ಓಮೆರ್ ಅಂದಿರಿ. ಅಂದ್ರೆ ಈ ರಾಶಿ ನೂರೇ ಜನಕ್ಕೆ ಸಾಕು. ಚೇಟತ್ತೀ, ನೀವು ಇಷ್ಟರಲ್ಲೇ ಸಾವಿರದ ಇನ್ನೂರು ಜನಕ್ಕೆ ಹೊಟ್ಟೆ ತುಂಬಿಸ್ತೀರಿ. ಇದು ಹ್ಯಾಗೆ?"

ಚೇಟತ್ತಿ ಚಾಪೆಯ ಮೇಲಿನ ಅಕ್ಕಿ ರಾಶಿಯನ್ನು ನೋಡಿದರು, ಒಲೆಯ ಹತ್ತಿರ ಹೆಚ್ಚಿಟ್ಟಿದ್ದ ತರಕಾರಿ ನೋಡಿದರು. ಅವರ ಮುಖದಲ್ಲಿ ನಿಜವಾದ ಮರುಕ ಮೂಡಿತು.

"ಪಾಪ" ಅಂದರು. "ಅವರಿಗೆ ಸಾರು ಇರಲಿಲ್ಲ ಅಂತ ಕಾಣ್ತದೆ."

ಮೇ ಮೂವತ್ತೊಂದಕ್ಕೆ ಕೊನೆಯ ಪ್ರೂಫಿಗೆ ರುಜು ಬಿತ್ತು. ನನಗೆ ಹೊಸ ಕುರ್ಚಿ ಬಂತು. ಅಮ್ಮ ನರ್ಸರಿಯವರಿಗೆ, "ಅವಳು ಜೋರು, ನಿಮಗೆ ಆಗೋದಿಲ್ಲ" ಅಂತ ಹೇಳಿ ಕಳಿಸಿದಳಂತೆ. ಪುಸ್ತಕ ಈಗಲೂ ನನ್ನ ಮೇಜಿನ ಮೇಲಿದೆ. ಕೊನೆಯ ಪುಟದಲ್ಲಿ, ಮೇಷ್ಟ್ರು ಒಂದಕ್ಷರವೂ ತಿದ್ದದೆ ಬಿಟ್ಟ ಸಾಕ್ಷಿ ಹೀಗಿದೆ:

"ಓಮೆರ್: ಸಾರು ಇಲ್ಲದಿದ್ದರೆ ಒಬ್ಬರಿಗೆ.
ಹೋಮೆರ್: ಸಾರು ಇದ್ದರೆ ಸಾವಿರದ ಇನ್ನೂರು ಜನಕ್ಕೆ.
ರುಜು: ಚೇಟತ್ತಿ.
ಎಣಿಸಿದವಳು: ಟೈಪು ಮಾಡುವ ಕೂಸು. ದೇವರದ್ದೂ ಸೇರಿಸಿ."